ಮೇಣದ ಮೇಲೆ ಬಿಟ್ಟ ಉಸಿರು

ಆ ಗುರುವಾರ ಅವರು ಊಟಕ್ಕೆ ಹಿತಕಿದ ಬೇಳೆ ಸಾರು ತಂದಿದ್ದರು. ಅವರೆಕಾಯಿ ಕಾಲ. ನಾವು ಊಟ ಮಾಡುತ್ತಿದ್ದುದು ಟೆರೇಸಿಗೆ ಹತ್ತುವ ಮೆಟ್ಟಿಲ ಮೇಲೆ. ಫಾರ್ಮಲಿನ್ ಇರುವ ಕೋಣೆಯಲ್ಲಿ ಅನ್ನದ ಡಬ್ಬಿ ಬಿಚ್ಚಬಾರದೆಂಬುದು ಅವರು ಮಾಡಿದ ನಿಯಮ. ನನ್ನ ಡಬ್ಬಿಯ ಟೊಮೇಟೊ ಸಾರನ್ನು ಬಗ್ಗಿ ನೋಡಿ, ‘ಇದನ್ನ ಸ್ಲೈಡ್ ತೊಳ್ಯಕ್ಕೆ ಇಟ್ಕೊಳಮ್ಮ’ ಎಂದು ತಮ್ಮ ಸಾರಿನಲ್ಲಿ ಅರ್ಧವನ್ನು ನನಗೆ ಬಗ್ಗಿಸಿದರು. ಬಗ್ಗಿಸುವಾಗ ಎಡಗೈ ನಡುಗಿ ಎರಡು ಹನಿ ಮೆಟ್ಟಿಲ ಮೇಲೆ ಬಿತ್ತು. ಇಬ್ಬರೂ ನೋಡಿದೆವು. ಆಮೇಲೆ ಅವರು ತಮ್ಮ ಊರಿನ ಅವರೆಗೂ ಮಾರ್ಕೆಟ್ಟಿನ ಅವರೆಗೂ ಇರುವ ವ್ಯತ್ಯಾಸ ಹೇಳುತ್ತಾ ಊಟ ಮುಗಿಸಿದರು.

ಮಧ್ಯಾಹ್ನ ಲ್ಯಾಬಿನಲ್ಲಿ ಅವರು ಟಿಶ್ಯೂ ಕೊಯ್ದರು, ನಾನು ಬಣ್ಣ ಹಾಕಿದೆ. ಸಂಜೆ ಬಸವೇಶ್ವರನಗರದ ಬಸ್ ಸ್ಟಾಪಿನವರೆಗೆ ಜೊತೆಯಲ್ಲೇ ನಡೆದೆವು. ಮಾರನೆಯ ದಿನ ನನ್ನ ಮಗನ ಸ್ಕೂಲಿನಲ್ಲಿ ಮೀಟಿಂಗ್ ಇತ್ತು, ಹನ್ನೊಂದಕ್ಕೆ ಬರುತ್ತೇನೆಂದೆ. ನಿಧಾನಕ್ಕೆ ಬಾ, ಏನೂ ಅರ್ಜೆಂಟಿಲ್ಲ ಎಂದು ಅವರು ಸುಂಕದಕಟ್ಟೆಯ ಬಸ್ ಹತ್ತಿದರು. ಆ ಶುಕ್ರವಾರದ ನಂತರ ಅವರು ಕೊಯ್ಯುವ ಯಂತ್ರದ ಮುಂದೆ ಕೂರಲಿಲ್ಲ.

ಅವರು ತೀರಿಕೊಂಡು ನಾಲ್ಕು ತಿಂಗಳಾಯಿತು. ಅವರ ಹೆಸರನ್ನು ನಾನು ಇಲ್ಲಿ ಬರೆಯುವುದಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಅವರನ್ನು ಅಣ್ಣ ಎನ್ನುತ್ತಿದ್ದೆವು. ನಮ್ಮ ಮೇಡಂ ಕೂಡ ಹಾಗೇ ಕರೆಯುತ್ತಿದ್ದರು. ಮೇಡಂ ಎಂದರೆ ಸೂಕ್ಷ್ಮದರ್ಶಕದಲ್ಲಿ ನೋಡಿ, ಇದು ಕ್ಯಾನ್ಸರ್, ಇದು ಅಲ್ಲ ಎಂದು ಬರೆದು ಸಹಿ ಹಾಕುವ ಡಾಕ್ಟರು. ಅವರು ನೋಡುವುದಕ್ಕೆ ಮೊದಲಿನ ಕೆಲಸವೆಲ್ಲ ನಮ್ಮದು. ಅಣ್ಣನದು ಮತ್ತು ನನ್ನದು.

ಆ ಕೆಲಸವನ್ನು ಹೊರಗಿನವರು ಯಾರೂ ನೋಡಿರುವುದಿಲ್ಲ, ಅದಕ್ಕೆ ಹೇಳುತ್ತೇನೆ. ಆಪರೇಷನ್ ಮಾಡಿ ತೆಗೆದ ಗಂಟು, ಟ್ಯೂಬ್ ಇಳಿಸಿ ಹೊಟ್ಟೆಯಿಂದ ಚಿವುಟಿದ ಚೂರು, ಚರ್ಮದ ಮೇಲಿನ ಮಚ್ಚೆ, ಇವೆಲ್ಲ ಬಾಟಲಿಗಳಲ್ಲಿ ನಮ್ಮಲ್ಲಿಗೆ ಬರುತ್ತವೆ. ನೀರಿನಂಶ ತೆಗೆದು ಕರಗಿದ ಮೇಣದಲ್ಲಿ ಕೂರಿಸಿದರೆ, ತಣ್ಣಗಾದ ಮೇಲೆ ಸಾಬೂನಿನ ಚೂರಿನಂಥ ಒಂದು ಬಿಳಿ ತುಂಡಾಗುತ್ತದೆ. ಅದಕ್ಕೆ ಬ್ಲಾಕ್ ಎನ್ನುತ್ತೇವೆ. ಅದನ್ನು ಮೈಕ್ರೊಟೋಮ್ ಎಂಬ ಯಂತ್ರಕ್ಕೆ ಸಿಕ್ಕಿಸಿ ಬಲಗೈಯಲ್ಲಿ ಚಕ್ರ ತಿರುಗಿಸಬೇಕು. ಬ್ಲಾಕ್ ಬ್ಲೇಡಿನ ಮೇಲೆ ಇಳಿದಾಗಲೆಲ್ಲ ಈರುಳ್ಳಿಯ ಒಳಪೊರೆಗಿಂತ ತೆಳುವಾದ ಒಂದು ಪದರ ಬರುತ್ತದೆ; ಒಂದರ ಬಾಲಕ್ಕೆ ಇನ್ನೊಂದು ಅಂಟಿಕೊಂಡು ರಿಬ್ಬನ್ ಆಗುತ್ತದೆ. ಅದನ್ನು ಎಡಗೈಯ ಕುಂಚದಿಂದ ಹಿಡಿದು ಬೆಚ್ಚಗಿನ ನೀರಿನ ಮೇಲೆ ತೇಲಿಸಬೇಕು. ಹಾಲಿನ ಕೆನೆಯ ಹಾಗೆ ಹರಡಿಕೊಂಡಾಗ ಗಾಜಿನ ಸ್ಲೈಡನ್ನು ಕೆಳಗಿಂದ ತಂದು ಎತ್ತಿಕೊಳ್ಳಬೇಕು. ಒಂದು ಸುಕ್ಕು ಬಿದ್ದರೂ ಮೇಡಂಗೆ ಓದಲು ಆಗುವುದಿಲ್ಲ.

ಅಣ್ಣ ಕೊಯ್ದ ಪದರದಲ್ಲಿ ಸುಕ್ಕು ಇರುತ್ತಿರಲಿಲ್ಲ. ಚಕ್ರ ತಿರುಗಿಸುವ ಮೊದಲು ಅವರು ಬ್ಲಾಕಿನ ಹತ್ತಿರ ಮುಖ ತಂದು ಬಾಯಿಂದ ‘ಹಾ’ ಎಂದು ಒಂದು ಉಸಿರು ಬಿಡುತ್ತಿದ್ದರು. ಗಟ್ಟಿಯಾಗಲೆಂದು ಐಸಿನ ಮೇಲಿಟ್ಟಿದ್ದ ಮೇಣ ಅಷ್ಟಕ್ಕೆ ತುಸು ಮೆತ್ತಗಾಗಿ ಬ್ಲೇಡಿಗೆ ಒಪ್ಪುತ್ತದೆ. ಎಲ್ಲ ಟೆಕ್ನಿಷಿಯನ್‌ಗಳೂ ಇದನ್ನು ಮಾಡುತ್ತಾರೆ. ಆದರೆ ಎಷ್ಟು ಉಸಿರು ಎಂಬುದನ್ನು ಅವರು ಒಂದೊಂದು ಬ್ಲಾಕಿಗೆ ಒಂದೊಂದು ಥರ ಲೆಕ್ಕ ಹಾಕುತ್ತಿದ್ದರು. ಕೊಬ್ಬಿನ ಗಂಟಿಗೆ ಬಿಡುತ್ತಲೇ ಇರಲಿಲ್ಲ. ಅದು ಮೊದಲೇ ಕರಗುವ ಜಾತಿ ಎನ್ನುತ್ತಿದ್ದರು.

ಅವರ ಮನೆಯವರು ಸುಂಕದಕಟ್ಟೆಯ ಹಳೆಯ ರೈತರು. ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ಅವರ ಅಣ್ಣತಮ್ಮಂದಿರ ಬಾಡಿಗೆ ಮನೆಗಳಿವೆ. ಪಿಯುಸಿಯಲ್ಲಿ ಫೇಲಾದ ಮೇಲೆ ಬಾಟಲಿ ತೊಳೆಯುವ ಅಟೆಂಡರ್ ಆಗಿ ಲ್ಯಾಬಿಗೆ ಸೇರಿದವರು. ಆಗಿದ್ದ ಹಿರಿಯ ಟೆಕ್ನಿಷಿಯನ್ ಊಟಕ್ಕೆ ಹೋದಾಗ ಬರೀ ಮೇಣವನ್ನು ಕೊಯ್ದು ಕೊಯ್ದು ಕೈ ಪಳಗಿಸಿಕೊಂಡರಂತೆ. ಫೇಲಾಗಿದ್ದು ಯಾವ ಸಬ್ಜೆಕ್ಟಿನಲ್ಲಿ ಅಣ್ಣ ಎಂದು ಒಮ್ಮೆ ಕೇಳಿದ್ದೆ. ಜೀವಶಾಸ್ತ್ರ ಎಂದರು, ಸ್ವಲ್ಪವೂ ನಗದೆ.

ಡಿಪ್ಲೊಮಾ ಮುಗಿಸಿ ಬಂದಾಗ ನನಗೆ ಇಪ್ಪತ್ತೆರಡು. ಪ್ರಾಣಿ ಅಂಗಾಂಶಗಳು ನಾಲ್ಕು ವಿಧ, ಅನುಲೇಪಕ, ಸಂಯೋಜಕ, ಸ್ನಾಯು, ನರ ಎಂದು ಒಂದೇ ಉಸಿರಿಗೆ ಹೇಳುತ್ತಿದ್ದೆ. ಅವರು ಪೂರ್ತಿ ಕೇಳಿಸಿಕೊಂಡು, ‘ಪಾಸಾಗಿದ್ದೀಯ, ಗೊತ್ತಾಯ್ತು. ಈಗ ಇದ್ರಲ್ಲಿ ಯಾವುದು ಸುರುಳಿ ಸುತ್ಕೊಳ್ಳತ್ತೆ, ಯಾವುದು ಪುಡಿಯಾಗತ್ತೆ, ಯಾವುದು ಬ್ಲೇಡೇ ಮುರಿಯತ್ತೆ, ಅದನ್ನ ಹೇಳು’ ಎಂದರು.

ಹೊಸಬರು ಮೊದಲ ಒಂದು ತಿಂಗಳು ರೋಗಿಗಳ ಟಿಶ್ಯೂ ಮುಟ್ಟುವ ಹಾಗಿರಲಿಲ್ಲ. ಇದೂ ಅವರದೇ ನಿಯಮ. ಭಾನುವಾರ ಸುಂಕದಕಟ್ಟೆಯ ಮಟನ್ ಅಂಗಡಿಗೆ ಹೋಗಿ ಒಂದು ಸುಡದ ಕಾಲು, ಒಂದು ತಲೆಯ ಮೆದುಳು, ಒಂದಿಷ್ಟು ಬೋಟಿ, ಗುಂಡಿಗೆಯ ಒಂದು ತುಂಡು ತರುತ್ತಿದ್ದರು. ಅಂಗಡಿಯವನು ಇಷ್ಟಿಷ್ಟೇ ತಗೊಂಡು ಏನು ಮಾಡ್ತೀರ ಸಾರ್, ಬೆಕ್ಕಿಗಾ ಎಂದು ಕೇಳುತ್ತಿದ್ದನಂತೆ. ಇಲ್ಲಪ್ಪ, ಡಿಪ್ಲೊಮಾ ಮಾಡಿರೋರಿಗೆ ಎನ್ನುತ್ತಿದ್ದರಂತೆ ಇವರು. ತಂದಿದ್ದರಲ್ಲಿ ಚೂರು ಚೂರು ನಮ್ಮ ಬಾಟಲಿಗೆ ಬರುತ್ತಿತ್ತು, ಉಳಿದದ್ದು ಅವರ ಮನೆಯ ಸಾರಿಗೆ. ಸೋಮವಾರ ನನ್ನ ಬೆಂಚಿನ ಮೇಲೆ ನಾಲ್ಕು ಬಾಟಲಿ ಇರುತ್ತಿತ್ತು.

ಮೊದಲ ಬಾಟಲಿ ಚರ್ಮ. ಕಾಲಿನ ಚರ್ಮದ ಒಂದು ಚೌಕ ಚೂರನ್ನು ನಾನು ಮೇಣದಲ್ಲಿ ಚಾಪೆ ಹಾಸಿದ ಹಾಗೆ ಅಗಲವಾಗಿ ಮಲಗಿಸಿದ್ದೆ. ಎಲ್ಲ ಹೊಸಬರೂ ಮಾಡುವ ತಪ್ಪು. ಅವರು ಅದನ್ನು ಹಾಗೇ ಕೊಯ್ಯಲು ಬಿಟ್ಟು, ಬಣ್ಣ ಹಾಕಿಸಿ, ಸೂಕ್ಷ್ಮದರ್ಶಕದಲ್ಲಿ ನೋಡು ಎಂದರು. ಏನೂ ಅರ್ಥವಾಗದ ಗುಲಾಬಿ ಬಯಲು. ಆಮೇಲೆ ಅದೇ ಕಾಲಿನ ಇನ್ನೊಂದು ಚೂರನ್ನು ಅಂಚಿನ ಮೇಲೆ ನಿಲ್ಲಿಸಿ ತಾವೇ ಕೊಯ್ದು ತೋರಿಸಿದರು. ಕೆಳಗೆ ನೆಟ್ಟಗೆ ನಿಂತ ಜೀವಕೋಶಗಳು, ಮೇಲೆ ಹೋಗುತ್ತಾ ಚಪ್ಪಟೆಯಾಗಿ, ತುದಿಯಲ್ಲಿ ಸತ್ತು ಪದರ ಪದರವಾಗಿ ಕುಳಿತವು.

‘ಚರ್ಮ ಮಲಗಿಸಬಾರದು ಕಣಮ್ಮ, ನಿಲ್ಲಿಸಬೇಕು. ಅದರ ಕೆಲಸವೇ ಒಳಗಿಂದು ಒಳಗೆ, ಹೊರಗಿಂದು ಹೊರಗೆ ಇಡೋದು. ಒಳಗು ಹೊರಗು ಎರಡೂ ಒಟ್ಟಿಗೆ ಕಾಣದೆ ಹೋದ್ರೆ ಏನು ನೋಡಿದ ಹಾಗಾಯ್ತು?’

ಬೋಟಿಯ, ಎಂದರೆ ಕರುಳಿನ, ಒಳಪದರವೂ ಅದೇ ಜಾತಿ ಎಂದು ಆಮೇಲೆ ತೋರಿಸಿದರು. ಅಲ್ಲಿ ಒಂದೇ ಸಾಲು, ಎತ್ತರದ ಕೋಶಗಳು. ಚರ್ಮ ತಡೆಯುತ್ತದೆ, ಇದು ಆರಿಸಿ ಒಳಗೆ ಬಿಟ್ಟುಕೊಳ್ಳುತ್ತದೆ.

ಎರಡನೆಯ ಬಾಟಲಿಯಲ್ಲಿ ಮೂಳೆ, ಮೃದ್ವಸ್ಥಿ, ಕೊಬ್ಬು, ಕಾಲಿನ ನಾರು ಎಲ್ಲ ಸೇರಿಕೊಂಡಿತ್ತು. ಇವೆಲ್ಲದರ ಜೊತೆಗೆ ರಕ್ತವೂ ಸಂಯೋಜಕ ಅಂಗಾಂಶ ಎಂದು ಬಾಯಿಪಾಠ ಮಾಡಿದ್ದೆನೇ ಹೊರತು ನಂಬಿರಲಿಲ್ಲ. ಹರಿಯುವ ರಕ್ತಕ್ಕೂ ಕಲ್ಲಿನಂಥ ಮೂಳೆಗೂ ಏನು ಸಂಬಂಧ? ಕೋಶ ನೋಡಬೇಡ, ಕೋಶಗಳ ಮಧ್ಯೆ ಏನಿದೆ ಅದನ್ನು ನೋಡು ಎಂದರು. ಬೇರೆಲ್ಲ ಕಡೆ ಕೋಶಗಳು ಒತ್ತೊತ್ತಾಗಿರುತ್ತವೆ. ಇಲ್ಲಿ ಮಾತ್ರ ದೂರ ದೂರ. ಮಧ್ಯೆ ನೀರಿನಂಥದ್ದಿದ್ದರೆ ರಕ್ತ, ಸುಣ್ಣ ತುಂಬಿದ್ದರೆ ಮೂಳೆ, ಎಳೆ ತುಂಬಿದ್ದರೆ ನಾರು. ಒಂದಕ್ಕೊಂದನ್ನು ಹಿಡಿದಿಡುವುದು, ಮಧ್ಯೆ ತುಂಬುವುದು, ಬೇಕಾದ್ದನ್ನು ಹೊತ್ತು ತಲುಪಿಸುವುದು, ಇದೇ ಈ ಮನೆತನದ ಕೆಲಸ. ಮೂಳೆಯನ್ನು ಮಾತ್ರ ಆ್ಯಸಿಡ್‌ನಲ್ಲಿ ದಿನಗಟ್ಟಲೆ ನೆನೆಸಿ ಸುಣ್ಣ ಬಿಡಿಸಬೇಕು. ಮೂರನೆಯ ದಿನವೇ ಆಗಿದೆ ಎಂದು ಕೊಯ್ಯಲು ಹೋಗಿ ಬ್ಲೇಡ್ ಹಾಳು ಮಾಡಿದೆ. ಯಾವುದು ಬ್ಲೇಡ್ ಮುರಿಯುತ್ತದೆ ಎಂಬುದಕ್ಕೆ ಉತ್ತರ ಸಿಕ್ಕಿತಲ್ಲ ಎಂದರು.

ಸ್ನಾಯುವನ್ನು ಅವರು ಇಷ್ಟಪಡುತ್ತಿದ್ದರು. ಕಾಲಿನದು ಪಟ್ಟೆ ಪಟ್ಟೆ, ನಾವು ಹೇಳಿದಂತೆ ಕೇಳುವುದು. ಬೋಟಿಯದು ಪಟ್ಟೆಯಿಲ್ಲದ್ದು, ನಮ್ಮನ್ನು ಕೇಳದೆ ತನ್ನಷ್ಟಕ್ಕೆ ಅನ್ನವನ್ನು ಮುಂದೆ ಸಾಗಿಸುವುದು. ಗುಂಡಿಗೆಯದು ಪಟ್ಟೆ ಇದ್ದರೂ ಯಾರ ಮಾತನ್ನೂ ಕೇಳದೆ ಹುಟ್ಟಿನಿಂದ ದುಡಿಯುವುದು. ಸ್ನಾಯುವಿಗೆ ತಳ್ಳಲು ಬರುವುದಿಲ್ಲ, ಎಳೆಯುವುದೊಂದೇ ಗೊತ್ತು, ನೀನು ಗೋಡೆ ತಳ್ಳಿದರೂ ಒಳಗೆ ಯಾವುದೋ ಸ್ನಾಯು ಮೂಳೆಯನ್ನು ಎಳೆಯುತ್ತಿರುತ್ತದೆ ಎಂದು ಹೇಳಿ, ನನ್ನಿಂದ ನಿಜಕ್ಕೂ ಗೋಡೆ ತಳ್ಳಿಸಿದರು. ನಾನು ತಳ್ಳುತ್ತಾ ನಿಂತಿರುವಾಗ ಮೇಡಂ ಬಂದು, ಏನಾಯಿತು, ಕಟ್ಟಡ ಬೀಳುತ್ತಾ ಇದೆಯಾ ಎಂದು ಕೇಳಿದ್ದರು.

ನಾಲ್ಕನೆಯದು ಮೆದುಳು. ಅದಕ್ಕೆ ಅವಸರ ಆಗುವುದಿಲ್ಲ. ಬೇರೆಯದೆಲ್ಲ ಒಂದು ದಿನದಲ್ಲಿ ಗಟ್ಟಿಯಾದರೆ ಇದು ವಾರ ಕೇಳುತ್ತದೆ. ಸುದ್ದಿ ಒಯ್ಯುವ ಕೆಲಸದ್ದು, ಕಾಲಿನಿಂದ ತಲೆಗೆ, ತಲೆಯಿಂದ ಕೈಗೆ; ಅದಕ್ಕೇ ಅದರ ಕೋಶಕ್ಕೆ ಅಷ್ಟುದ್ದದ ಬಾಲ. ಚರ್ಮ ಕುಯ್ದರೆ ಕೂಡುತ್ತದೆ, ಮೂಳೆ ಮುರಿದರೆ ಕೂಡುತ್ತದೆ, ಇದು ಹೋದರೆ ಹೋದ ಹಾಗೇ ಎಂದು ಅವರು ಆ ದಿನ ಹೇಳಿದ್ದರು. ಆಗ ಅದು ಬರೀ ಪಾಠವಾಗಿತ್ತು.

ಜನರ ಟಿಶ್ಯೂ ಕೊಯ್ಯತೊಡಗಿದ ಮೇಲೆ ಅವರ ಇನ್ನೊಂದು ಮುಖ ಕಂಡಿತು. ಯಾವ ಚೂರನ್ನೂ ಸಣ್ಣದು ಎನ್ನಲು ಬಿಡುತ್ತಿರಲಿಲ್ಲ. ಎಳ್ಳಿನಷ್ಟಿದೆ ಅಣ್ಣ ಎಂದರೆ, ಅವರ ಹತ್ತಿರ ಇದ್ದದ್ದು ಅಷ್ಟೇ, ಅದನ್ನು ನಮಗೆ ಕೊಟ್ಟಿದ್ದಾರೆ ಎನ್ನುವರು. ಒಬ್ಬರ ಪದರ ತೇಲಿಸಿದ ನೀರಿನ ಮೈಯನ್ನು ಕಾಗದದಿಂದ ಒರೆಸಿ ಶುದ್ಧ ಮಾಡದೆ ಇನ್ನೊಬ್ಬರದನ್ನು ತೇಲಿಸುತ್ತಿರಲಿಲ್ಲ. ಒಬ್ಬರ ಕ್ಯಾನ್ಸರ್ ತುಣುಕು ಇನ್ನೊಬ್ಬರ ಸ್ಲೈಡಿಗೆ ಅಂಟಿದರೆ ಒಂದು ಮನೆಯೇ ಕೆಡುತ್ತದೆ ಎಂದು, ದಿನಕ್ಕೆ ಅರವತ್ತು ಸಲವಾದರೂ ಒರೆಸುತ್ತಿದ್ದರು. ಮನೆಯಲ್ಲೂ ಊಟದ ಟೇಬಲ್ಲನ್ನು ಸುಮ್ಮನೆ ಒರೆಸುತ್ತಾ ಕೂರುತ್ತಾರೆ ಎಂದು ಅವರ ಹೆಂಡತಿ ಒಮ್ಮೆ ಹೇಳಿದ್ದರು. ಆಕೆ ಈಗ ಇಲ್ಲ.

ವಿಜಯನಗರದ ಛತ್ರವೊಂದರಲ್ಲಿ, ನೆಂಟರ ಮದುವೆಯ ಪಂಕ್ತಿಯಲ್ಲಿ, ಪಕ್ಕದವರು ಏನು ಕೆಲಸ ಎಂದು ಕೇಳಿದರಂತೆ. ಮನುಷ್ಯರ ಟಿಶ್ಯೂ ಕೊಯ್ಯುವುದು ಎಂದರಂತೆ ಇವರು. ಪಕ್ಕದವರು ಎಲೆಯನ್ನು ಮೆಲ್ಲಗೆ ಆಚೆ ಎಳೆದುಕೊಂಡರಂತೆ. ಆಮೇಲಿಂದ ಯಾರು ಕೇಳಿದರೂ ಲ್ಯಾಬಿನಲ್ಲಿದ್ದೇನೆ ಎಂದಷ್ಟೇ ಹೇಳುತ್ತಿದ್ದರು.

ಎಡಗೈಯ ನಡುಕ ನಾನು ಮೊದಲು ಕಂಡಿದ್ದು ಒಂದು ಮಳೆಗಾಲದಲ್ಲಿ. ಟೀ ಲೋಟವನ್ನು ಬಲಗೈಗೆ ಬದಲಾಯಿಸಿಕೊಂಡರು. ಆಮೇಲೆ ಬೆಳಿಗ್ಗೆ ಎಲ್ಲರಿಗಿಂತ ಒಂದು ಗಂಟೆ ಮೊದಲೇ ಬರತೊಡಗಿದರು. ಯಾರೂ ನೋಡದಿರುವಾಗ ಕೈ ಕಡಿಮೆ ನಡುಗುತ್ತಿತ್ತೇನೋ. ಎಳ್ಳಿನಷ್ಟಿರುವ ಬ್ಲಾಕುಗಳನ್ನು ನಾನು ಹೇಳದೆ ಕೇಳದೆ ನನ್ನ ಟ್ರೇಗೆ ಎತ್ತಿಟ್ಟುಕೊಳ್ಳತೊಡಗಿದೆ. ದೊಡ್ಡ ಗಂಟು, ಗರ್ಭಕೋಶ, ಥೈರಾಯ್ಡ್ ಅವರಿಗೆ ಬಿಡುತ್ತಿದ್ದೆ. ಅವುಗಳಲ್ಲಿ ಹತ್ತು ಪದರ ಹಾಳಾದರೂ ಹನ್ನೊಂದನೆಯದು ಸಿಗುತ್ತದೆ. ಅವರಿಗೆ ಗೊತ್ತಾಯಿತು. ದಸರಾ ಹೊತ್ತಿಗೆ ಒಂದು ದಿನ ಮೆಟ್ಟಿಲ ಮೇಲೆ ಕೂತಾಗ ಅವರೇ ಎತ್ತಿದರು. ನರದ ಡಾಕ್ಟರಿಗೆ ತೋರಿಸಿಯಾಗಿತ್ತಂತೆ. ಮಾತ್ರೆ ಶುರುವಾಗಿತ್ತಂತೆ.

‘ಸ್ನಾಯುಗೆ ಏನೂ ಆಗಿಲ್ಲ ಕಣಮ್ಮ. ಕೈ ಗಟ್ಟಿಯಾಗೇ ಇದೆ. ಮೇಲಿಂದ ಆರ್ಡರ್ ತಪ್ಪು ಬರ್ತಾ ಇದೆ, ಅಷ್ಟೇ.’

ಮೇ ತಿಂಗಳಿಗೆ ಅವರ ರಿಟೈರ್‌ಮೆಂಟ್ ಇತ್ತು. ಅಲ್ಲಿಯವರೆಗೆ ಮೇಡಂಗೆ ಹೇಳಬೇಡ ಎಂದರು. ಮೂವತ್ತು ವರ್ಷಕ್ಕೂ ಮೇಲೆ ಕೂತ ಜಾಗದಿಂದ ತಾನೇ ಎದ್ದು ಹೋಗಬೇಕು, ಯಾರೂ ಎಬ್ಬಿಸಬಾರದು ಎಂದರು. ಅವರು ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಅದೊಂದೇ. ಆಯ್ತು ಅಣ್ಣ ಎಂದೆ.

ಆ ಶುಕ್ರವಾರ ನಾನು ಬರುವ ಹೊತ್ತಿಗೆ ಅವರು ಯಂತ್ರದ ಮುಂದೆ ಸುಮ್ಮನೆ ಕೂತಿದ್ದರು. ನೀರಿನ ಮೇಲೆ ಮುದುಡಿದ ಚೂರುಗಳು ತೇಲುತ್ತಿದ್ದವು. ನಡೆದದ್ದನ್ನು ಅವರೇ ಹೇಳಿದರು. ಹೊಟ್ಟೆಯ ಬಯಾಪ್ಸಿಯೊಂದನ್ನು ಬೇಗ ಕೊಡಬೇಕೆಂದು ಆಸ್ಪತ್ರೆಯಿಂದ ಫೋನ್ ಬಂದಿತ್ತು. ನನ್ನ ಟ್ರೇಯಲ್ಲಿದ್ದ ಬ್ಲಾಕ್ ತೆಗೆದುಕೊಂಡು ಕೂತಿದ್ದರು. ರಿಬ್ಬನ್ ಹಿಡಿಯುವಾಗ ಕುಂಚ ನಡುಗಿ ಹರಿಯಿತು. ಮತ್ತೆ ತಿರುಗಿಸಿದರು, ಮತ್ತೆ ಹರಿಯಿತು. ಇನ್ನೊಂದು ಸಲ, ಇನ್ನೊಂದು ಸಲ ಎಂದು ತಿರುಗಿಸುತ್ತಾ ಹೋಗಿ ಎಳ್ಳಿನಷ್ಟಿದ್ದ ಆ ಮೂರು ಚೂರೂ ಮುಗಿದುಹೋಗಿದ್ದವು. ನಾನು ಬ್ಲಾಕನ್ನು ಬೆಳಕಿಗೆ ಹಿಡಿದು ನೋಡಿದೆ.

‘ನೋಡ್ಬೇಡ. ಬರೀ ಮೇಣ’ ಎಂದರು.

ಮುದುಡಿದವುಗಳಲ್ಲಿ ಯಾವುದಾದರೂ ಬಿಡಿಸಲು ಬರುತ್ತದೆಯೇ ಎಂದು ನಾನು ಅರ್ಧ ಗಂಟೆ ಪ್ರಯತ್ನಿಸಿದೆ. ಬರಲಿಲ್ಲ. ರಿಜಿಸ್ಟರಿನಲ್ಲಿ ಏನು ಬರೆಯಬೇಕು ಎಂಬ ಪ್ರಶ್ನೆ ಬಂತು. ಅವರು ಪೆನ್ನು ತೆಗೆದುಕೊಳ್ಳಲಿಲ್ಲ, ನನ್ನ ಮುಖ ನೋಡಿದರು. ಅವರು ಹಾಗೆ ನೋಡಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನಾನೇ ಬರೆದೆ: ಕಳಿಸಿದ ಟಿಶ್ಯೂ ಸಾಲದು, ಮತ್ತೆ ಕಳಿಸಿ. ಹಾಗೆ ಬರೆದರೆ ತಪ್ಪು, ಚೂರು ಚಿವುಟಿ ತೆಗೆದ ಡಾಕ್ಟರ ಕಡೆ ಹೋಗುತ್ತದೆ. ಮೇಡಂ ನನ್ನ ಅಕ್ಷರ ನೋಡಿ ನಂಬಿ ಸಹಿ ಮಾಡಿದರು.

ನಾಲ್ಕು ದಿನ ಬಿಟ್ಟು ಆ ಬಯಾಪ್ಸಿಯ ಹೆಂಗಸೇ ಎರಡನೆಯ ಬಾಟಲಿ ಹಿಡಿದುಕೊಂಡು ಬಂದರು. ಶನಿವಾರದಿಂದಲೇ ಅಣ್ಣ ರಜ ಹಾಕಿದ್ದರು. ಆಕೆ ಹೆಗ್ಗನಹಳ್ಳಿ ಕಡೆಯವರು, ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ. ನನಗಿಂತ ಚಿಕ್ಕವರು. ಗಂಟಲು ಕಟ್ಟಿಹೋಗಿತ್ತು, ಆ ಬೆಳಿಗ್ಗೆಯೇ ಮತ್ತೆ ಟ್ಯೂಬ್ ನುಂಗಿಸಿಕೊಂಡು ಬಂದಿದ್ದರು. ಬಾಟಲಿಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು ಮೆಲ್ಲಗೆ ಕೇಳಿದರು.

‘ಮೇಡಂ, ಹೋದ್ಸಲ ಟ್ಯೂಬ್ ಇಳಿಸುವಾಗ ನಾನು ಅಲ್ಲಾಡ್ಬಿಟ್ಟೆ. ಅದಕ್ಕೇ ಸಾಲದೇ ಬಂತಾ? ಈ ಸಲ ಅಲ್ಲಾಡಿಲ್ಲ.’

ನಿಮ್ಮ ತಪ್ಪಲ್ಲ ಎಂದೆ. ಯಾರ ತಪ್ಪು ಎಂದು ಹೇಳಲಿಲ್ಲ. ಅವರ ಬ್ಲಾಕನ್ನು ಮಾರನೆಯ ದಿನ ನಾನೇ ಕೊಯ್ದೆ. ಕ್ಯಾನ್ಸರ್ ಅಲ್ಲ, ಹುಣ್ಣು. ಮೇಡಂ ಅದನ್ನು ಹೇಳಿದಾಗ ನಾನು ಕೋಣೆಯಿಂದ ಆಚೆ ಹೋಗದೆ ಅಲ್ಲೇ ನಿಂತಿದ್ದೆ. ಮೇಡಂ ತಲೆಯೆತ್ತಿ ಏನು ಎಂದರು. ಹೇಳಿಬಿಟ್ಟೆ. ರಿಜಿಸ್ಟರಿನಲ್ಲಿ ಸುಳ್ಳು ಬರೆದದ್ದು ನಾನು ಎಂಬುದನ್ನೂ ಹೇಳಿದೆ, ಅಣ್ಣನ ಕೈಯ ವಿಷಯವನ್ನೂ ಹೇಳಿದೆ. ಎಷ್ಟು ದಿನದಿಂದ ಗೊತ್ತು ಎಂದು ಅವರು ಕೇಳಿದರು. ಮಳೆಗಾಲದಿಂದ ಎಂದೆ. ಅವರು ಕನ್ನಡಕ ತೆಗೆದು ಬಹಳ ಹೊತ್ತು ಕಣ್ಣು ಒತ್ತಿಕೊಂಡರು. ಬಯ್ಯಲಿಲ್ಲ. ಬಯ್ದಿದ್ದರೆ ಚೆನ್ನಾಗಿತ್ತು.

ರಜ ಮುಗಿದು ಬಂದ ಸೋಮವಾರ ಮೇಡಂ ಅಣ್ಣನನ್ನು ಒಳಗೆ ಕರೆದರು. ಬ್ಲೇಡಿರುವ ಯಂತ್ರ, ಈ ವಯಸ್ಸಿನಲ್ಲಿ ಕೈಗೆ ಏನಾದರೂ ಆದರೆ ಕಷ್ಟ, ಮೇವರೆಗೆ ರಿಪೋರ್ಟ್ ಕೊಡುವ ಕೌಂಟರಿನಲ್ಲಿ ಕೂತಿರಿ ಎಂದರಂತೆ. ನಡುಕ ಎಂಬ ಮಾತನ್ನು ಅವರು ಎತ್ತಲೇ ಇಲ್ಲವಂತೆ. ಅಣ್ಣ ಹೊರಗೆ ಬಂದು, ತಮ್ಮ ಏಪ್ರನ್ ಮಡಚಿ ಕುರ್ಚಿಯ ಮೇಲಿಟ್ಟು, ನೀರಿನ ಪಾತ್ರೆಯನ್ನು ಒಂದು ಸಲ ಒರೆಸಿ, ಕೆಳಗಿನ ಮಹಡಿಗೆ ಹೋದರು.

ಆ ವಾರದಲ್ಲೇ, ಮೆಟ್ಟಿಲ ಮೇಲೆ ಊಟ ಮಾಡುವಾಗ, ಡಬ್ಬಿಯಿಂದ ತಲೆಯೆತ್ತದೆ ಕೇಳಿದರು.

‘ಮೇಡಂಗೆ ಯಾರು ಹೇಳಿದ್ದು, ನಿಂಗೆ ಗೊತ್ತಾ?’

‘ಗೊತ್ತಿಲ್ಲ ಅಣ್ಣ’ ಎಂದೆ.

ಅವರು ಒಂದು ತುತ್ತು ಉಂಡರು. ಆಮೇಲೆ ಆ ಹೆಂಗಸಿನ ರಿಪೋರ್ಟ್ ಏನಾಯಿತು ಎಂದು ಕೇಳಿದರು. ಹುಣ್ಣು ಅಷ್ಟೇ ಎಂದೆ. ಒಳ್ಳೆಯದಾಯಿತು ಎಂದರು. ಯಾರು ಹೇಳಿದ್ದು ಎಂದು ಅವರು ಮತ್ತೆ ಯಾವತ್ತೂ ಕೇಳಲಿಲ್ಲ. ಮಾತು, ತಮಾಷೆ, ಸಾರು ಹಂಚುವುದು ಎಲ್ಲ ಮೊದಲಿನ ಹಾಗೇ ಇತ್ತು. ಅದೇ ನನಗೆ ಕಷ್ಟವಾಗುತ್ತಿತ್ತು.

ಕೌಂಟರಿನಲ್ಲಿ ಅವರು ಲಕೋಟೆ ಕೊಡುವ ಮೊದಲು ಜನರನ್ನು ಕೂರಿಸುತ್ತಿದ್ದರು. ಒಳಗೇನಿದೆ ಎಂದು ಅವರಿಗೆ ಗೊತ್ತಿರುತ್ತಿತ್ತೋ ಇಲ್ಲವೋ. ಎಲ್ಲರಿಗೂ ಒಂದೇ ಥರ, ಕೂತ್ಕೊಳಿ, ನೀರು ಬೇಕಾ ಎನ್ನುವರು. ಮೇ ಕೊನೆಯ ದಿನ ಅವರಿಗೆ ಶಾಲು ಹೊದಿಸಿ ಪೇಟ ಇಟ್ಟೆವು. ಫೋಟೊ ತೆಗೆಯುವ ಹುಡುಗಿಯೊಬ್ಬಳು ಮೇಲೆ ಬನ್ನಿ ಅಣ್ಣ, ಮೆಷೀನ್ ಹತ್ತಿರ ಒಂದು ತೆಗೆಯೋಣ ಎಂದಳು. ಬೇಡಮ್ಮ, ಇಲ್ಲೇ ತೆಗಿ ಎಂದರು. ನಾನು ಅವರ ಎಡಕ್ಕೆ ನಿಂತಿದ್ದೆ. ಆ ಫೋಟೊದಲ್ಲಿ ಅವರ ಎಡಗೈ ಶಾಲಿನ ಒಳಗಿದೆ.

ಆಮೇಲೆ ಅವರು ದೀಪಾಂಜಲಿ ನಗರದಲ್ಲಿ ಮಗಳ ಮನೆಯಲ್ಲಿದ್ದರು. ಮೂರನೆಯ ಮಹಡಿ. ಕಿಟಕಿಯ ಎದುರಿಗೇ ಮೆಟ್ರೊ ಹೋಗುತ್ತದೆ. ನಾನು ಎರಡು ಸಲ ಹೋದೆ. ಮೊದಲ ಸಲ ಹೋದಾಗ ಒಂಬತ್ತನೆಯ ತರಗತಿಯ ಮೊಮ್ಮಗಳು ಪರೀಕ್ಷೆಗೆ ಓದುತ್ತಿದ್ದಳು. ಅಂಗಾಂಶಗಳ ಪಾಠವೇ. ನರ ಅಂಗಾಂಶದ ಕೆಲಸವೇನು ತಾತ, ಎರಡು ಮಾರ್ಕಿಗೆ ಹೇಳು ಎಂದಳು. ಅವರು ತಮ್ಮ ಎರಡೂ ಕೈಗಳನ್ನು ಟೇಬಲ್ಲಿನ ಮೇಲೆ ಇಟ್ಟರು. ಆ ಹೊತ್ತಿಗೆ ಬಲಗೈಯೂ ನಡುಗುತ್ತಿತ್ತು.

‘ಇದು ಸರಿಯಾಗಿದ್ರೆ ಹೆಂಗಿರತ್ತೆ ಅಂತ ನಿನ್ನ ಕೈ ನೋಡ್ಕೊ. ಇಲ್ದೇ ಇದ್ರೆ ಹೆಂಗಿರತ್ತೆ ಅಂತ ನನ್ನ ಕೈ ನೋಡು. ಎರಡು ಮಾರ್ಕು ಬಂತು.’

ಅವಳು ನಕ್ಕಳು. ಅವರೂ ನಕ್ಕರು. ನಾನು ಅಡುಗೆಮನೆಗೆ ಹೋಗಿ ಅವರ ಮಗಳ ಜೊತೆ ನಿಂತೆ.

ಎರಡನೆಯ ಸಲ ಹೋದದ್ದು ಹೇಳಬೇಕೆಂದೇ. ಕುರುಬರಹಳ್ಳಿಯ ನನ್ನ ಮನೆಯಿಂದ ಹೊರಟು, ಬಸ್ಸಿನಲ್ಲೂ ಮೆಟ್ರೊದಲ್ಲೂ ಮಾತನ್ನು ಜೋಡಿಸಿಕೊಳ್ಳುತ್ತಾ ಹೋಗಿದ್ದೆ. ಅವರು ಮಂಚದ ಮೇಲಿದ್ದರು. ಮಾತು ನಿಧಾನವಾಗಿತ್ತು, ಮುಖದಲ್ಲಿ ನಗು ಬರುವುದಕ್ಕೂ ಸಮಯ ಹಿಡಿಯುತ್ತಿತ್ತು. ಲ್ಯಾಬಿನ ಸುದ್ದಿ ಕೇಳಿದರು. ಕೆಂಗೇರಿಯಿಂದ ಹೊಸ ಹುಡುಗಿಯೊಬ್ಬಳು ಬಂದಿದ್ದಾಳೆ, ಮಟನ್ ಅಂಗಡಿಗೆ ಈಗ ನಾನು ಹೋಗುತ್ತೇನೆ ಎಂದೆ. ಚರ್ಮ ಮಲಗಿಸಿದಳಾ ಎಂದರು. ಮಲಗಿಸಿದಳು ಎಂದೆ. ಅವರಿಗೆ ಖುಷಿಯಾಯಿತು. ಹೀಗೇ ಒಂದು ಗಂಟೆ ಕಳೆಯಿತು. ಅವರು ದಣಿದಿದ್ದರು. ಎದ್ದು ಬಾಗಿಲವರೆಗೆ ಹೋಗಿ ಅಲ್ಲೇ ನಿಂತೆ.

‘ಏನೋ ಹೇಳ್ಬೇಕಿತ್ತಾ?’ ಎಂದರು.

‘ಏನಿಲ್ಲ ಅಣ್ಣ. ಬರ್ತೀನಿ.’

‘ಬಾ’ ಎಂದರು.

ಆಮೇಲೆ ಹೋಗಲಿಲ್ಲ. ಕೆಲಸ ಜಾಸ್ತಿ ಎಂದುಕೊಂಡೆ, ಮಗನ ಪರೀಕ್ಷೆ ಎಂದುಕೊಂಡೆ. ಒಂದು ಬೆಳಿಗ್ಗೆ ಮೇಡಂ ಫೋನ್ ಮಾಡಿದರು. ಸುಂಕದಕಟ್ಟೆಯಲ್ಲಿ ಅಣ್ಣನನ್ನು ಅವರ ಒಡಹುಟ್ಟಿದವರ ಮನೆಯ ಮುಂದೆ ಮಲಗಿಸಿದ್ದರು. ಕೈಗಳು ಅಲ್ಲಾಡುತ್ತಿರಲಿಲ್ಲ. ಅಂತಹ ವಿಷಯವನ್ನು ಆ ಹೊತ್ತಿನಲ್ಲಿ ಗಮನಿಸಬಾರದು, ಆದರೆ ನಾನು ನೋಡುತ್ತಿದ್ದುದೇ ಅದನ್ನು. ನಿಂತಿದ್ದವರಲ್ಲಿ ಯಾರೋ, ಆಸ್ಪತ್ರೆಯಲ್ಲಿ ಕ್ಲರ್ಕ್ ಆಗಿದ್ದರಂತೆ ಎಂದು ಇನ್ಯಾರಿಗೋ ಹೇಳುತ್ತಿದ್ದರು. ತಿದ್ದಬೇಕೆನಿಸಿತು. ತಿದ್ದಲಿಲ್ಲ.

ತಿಥಿಯ ದಿನ ಊಟ ಮುಗಿಸಿ ಹೊರಡುವಾಗ ಅವರ ಮಗಳು ಗೇಟಿನವರೆಗೆ ಬಂದರು. ಕೊನೆಯ ದಿನಗಳಲ್ಲಿ ಮಾತು ಹೆಚ್ಚು ಅರ್ಥವಾಗುತ್ತಿರಲಿಲ್ಲ ಎಂದರು. ನನ್ನ ಕೈ ಹಿಡಿದುಕೊಂಡು ಮತ್ತೆ ಹೇಳಿದರು.

‘ಅಪ್ಪ ನಿಮ್ಮನ್ನ ಕೇಳ್ತಾ ಇದ್ರು ಅಕ್ಕ. 
ಆ ಹುಡುಗಿ ಬಂದ್ಲಾ, ಏನೋ ಹೇಳ್ಬೇಕು ಅಂತಿದ್ಲು, ಬಂದ್ರೆ ನನ್ನ ಎಬ್ಬಿಸು ಅಂತ.’

ಮೇಡಂಗೆ ಹೇಳಿದ್ದು ನಾನು. ಅದನ್ನು ಅಣ್ಣನಿಗೆ ಇನ್ನೂ ಹೇಳಿಲ್ಲ.